ಕಾಲರ್ ಬಟ್ಟೆಯ ಅಂಚಿನ ಚಾಪೆ

ಆ ಸಾಕ್ಷ್ಯಚಿತ್ರದಲ್ಲಿ ಕೆಲೆರಾಳಿಗೆ ಮುಖವಿಲ್ಲ. ಎರಡು ಕೈಗಳಿವೆ, ಒಂದು ದನಿ ಇದೆ, ಅಷ್ಟೆ. ಸಿಡ್ನಿ, ಮೆಲ್ಬರ್ನ್ ಕಡೆ ಅದನ್ನು ನೋಡಿದ ಜನಕ್ಕೆ ಅವಳು ಯಾರೋ ಒಬ್ಬ ಹೆಂಗಸು. ನಮ್ಮ ಫ್ಯಾಕ್ಟರಿಯಲ್ಲಿ ಮಾತ್ರ ಅವಳು ಯಾರೆಂದು ತಿಳಿಯಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಅದಕ್ಕೆ ಕಾರಣ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಿದರೆ ಮುಚ್ಚಿಟ್ಟುಕೊಂಡಿದ್ದಳು ಅನ್ನುತ್ತೀರಿ.

ನಾನು ಅಂಜಿಲಾ. ಫೀಜಿಯ ಸುವಾದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ನಾಸಿನು ಕಡೆಯ ಗಾರ್ಮೆಂಟ್ಸ್ ಶೆಡ್ಡಿನಲ್ಲಿ ಕಾಜಾ ಮಷೀನಿನವಳು. ನನ್ನ ಎಡಕ್ಕೆ ಕೆಲೆರಾ, ಕಾಲರಿನವಳು. ಹತ್ತೊಂಬತ್ತು ವರ್ಷ ಅವಳು ಹೊಲಿದು ಎಸೆದ ಕಾಲರಿಗೇ ನಾನು ಕಾಜಾ ಹಾಕಿದ್ದೇನೆ. ಅವಳು ಕಂದಾವು ದ್ವೀಪದವಳು. ನಮ್ಮಜ್ಜನ ಅಪ್ಪ ಕಬ್ಬು ಕಡಿಯಲು ಇಂಡಿಯಾದಿಂದ ಹಡಗು ಹತ್ತಿ ಬಂದವನು. ಅವಳಿಗೆ ಚರ್ಚು, ನನಗೆ ರಾಮಾಯಣ ಮಂಡಳಿ. ಕಾಂಡ್ಲಾ ಕಾಡಿನಂಚಿಗೆ ಎದ್ದ ನಮ್ಮ ಎರಡು ತಗಡಿನ ಮನೆಗಳ ನಡುವೆ ಇರುವುದು ಒಂದು ಪಪ್ಪಾಯಿ ಗಿಡ. ಅದರ ಹಣ್ಣು ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಕೆಲೆರಾಳ ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ನಾವು ಹೊಲಿಯುತ್ತಿದ್ದದ್ದು ಆಸ್ಟ್ರೇಲಿಯಾದ ಶಾಲೆಮಕ್ಕಳ ಅಂಗಿ, ನೀಲಿ ಬಿಳಿ ಪಟ್ಟೆಯದು. ಪ್ರತಿ ಕಾಲರನ್ನೂ ಅವಳು ಒಳಮಗ್ಗುಲಿಗೆ ಉಗುರು ಎಳೆದು ನೋಡುತ್ತಿದ್ದಳು. ದಾರದ ಗಂಟು ಸಿಕ್ಕಿದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ಲೈನು ನಿಂತೋಗುತ್ತೆ ಕಣೆ, ಬೇಗ ಎಸಿ," ಎಂದು ನಾನು ಒದರುತ್ತಿದ್ದೆ.

"ಯಾವ ಮಗೂದೋ ಕುತ್ತಿಗೆ. ಕೆರೆದ್ರೆ ಪಾಠ ತಲೆಗ್ ಹತ್ತುತ್ತಾ?" ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಕಂಡರಿಯದ ಮಗುವಿನ ಕುತ್ತಿಗೆಗಾಗಿ ನನ್ನ ಚಹಾ ಆರುತ್ತಿತ್ತಲ್ಲ!

ಶೆಡ್ಡಿಗೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಎರಡು ವರ್ಷದ ಹಿಂದೆ ಒಂದು ಗಂಟು ಅಂಗಿ ಕಳುವಾಯಿತೆಂದು ಮಾಲೀಕ ವಿಠ್ಠಲ್‌ಭಾಯಿ ಹಿಂಬಾಗಿಲಿಗೆ ಬೀಗ ಜಡಿಸಿದ. ಬೀಗದ ಕೈ ಕೆಂಪು ದಾರದಲ್ಲಿ ಪೋಣಿಸಿಕೊಂಡು ಸೂಪರ್‌ವೈಸರ್ ಸೆಮೆಸಾನ ಅಂಗಿಜೇಬಿಗೆ ಸೇರಿತು. ಈ ಸೆಮೆಸಾ ಕೂಡ ಕಂದಾವಿನವನು, ಕೆಲೆರಾಳ ಪಕ್ಕದ ಊರಿನವನು. ಕೆಟ್ಟವನೇನಲ್ಲ, ಆದರೆ ಮಾಲೀಕ ಸೀನಿದರೆ ಮೂಗು ಒರೆಸಿಕೊಳ್ಳುವವನು.

ಕಳೆದ ಮಾರ್ಚಿನಲ್ಲಿ ಇಸ್ತ್ರಿ ಮೇಜಿನ ವಯರು ಹೊತ್ತಿಕೊಂಡಿತು. ದೊಡ್ಡ ಬೆಂಕಿಯಲ್ಲ, ಆದರೆ ಹೊಗೆ ಇಡೀ ಶೆಡ್ಡು ತುಂಬಿತು. ನೂರಮೂವತ್ತು ಹೆಂಗಸರು ಒಂದೇ ಬಾಗಿಲಿಗೆ ನುಗ್ಗಿದೆವು. ಹಿಂದಿನ ಸಾಲಿನವರು ಹಿಂಬಾಗಿಲು ಗುದ್ದುತ್ತಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ಪ್ಯಾಕಿಂಗಿನ ಹುಡುಗಿ ಲೊಸಾನಾ ಬಿದ್ದಳು, ಅವಳ ಮೇಲೆ ಹಾದುಹೋದವರಲ್ಲಿ ನಾನೂ ಇದ್ದೆನೋ ಏನೋ, ಗೊತ್ತಿಲ್ಲ. ತೊಡೆಯ ಮೂಳೆ ಮುರಿಯಿತು, ಹುಡುಗಿ ಮತ್ತೆ ಕೆಲಸಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಬೀಗ ಅದೇ ಜಾಗದಲ್ಲಿ ನೇತಾಡುತ್ತಿತ್ತು.

ಟೆಸ್ಸಾ ಎಂಬ ಆಸ್ಟ್ರೇಲಿಯಾದ ಹೆಣ್ಣುಮಗಳು ಬಂದದ್ದು ಆಮೇಲೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವಸ್ತುವಿನ ಹಿಂದೆ ಯಾರ ಕೈ ಇದೆ ಎಂದು ತಮ್ಮ ಜನಕ್ಕೆ ತೋರಿಸುವ ಚಿತ್ರ ತೆಗೆಯುತ್ತಿದ್ದಳು. ನಮ್ಮಲ್ಲಿ ಎಲ್ಲರ ಹತ್ತಿರವೂ ಹೋದಳು, ಎಲ್ಲರೂ ಕೈ ಮುಗಿದರು, ನಾನೂ ಮುಗಿದೆ. ಒಪ್ಪಿದವಳು ಕೆಲೆರಾ ಒಬ್ಬಳೇ.

"ಕೆಲಸ ಹೋಗುತ್ತೆ ಕಣೆ," ಎಂದೆ.

"ಮುಖ ತೋರ್ಸಲ್ವಂತೆ. ಇನ್ನೊಂದ್ ಸಲ ಹೊಗೆ ಎದ್ರೆ ಯಾರು ಬೀಳ್ತಾರೆ ಹೇಳು? ಮಂಡಿನೋವಿನವಳು ನೀನೇ."

ಭಾನುವಾರ ಚರ್ಚು ಮುಗಿದ ಮೇಲೆ ಟೆಸ್ಸಾ ಕ್ಯಾಮೆರಾ ಹೊತ್ತು ಬಂದಳು. ಪದ್ಧತಿಯಂತೆ ಯಂಗೋನಾ ಬೇರಿನ ಕಟ್ಟು ತಂದು ಮುಂದಿಟ್ಟಳು. ಅದನ್ನು ಮನೆಯವರು ಮುಟ್ಟಿ ಸ್ವೀಕರಿಸಿದರೆ ಬಂದವರು ಅತಿಥಿ. ಕೆಲೆರಾ ಒಳಗೆ ತೆಂಗಿನಹಾಲಿನಲ್ಲಿ ಕೆಸುವಿನ ಸೊಪ್ಪು ಕುದಿಸುತ್ತಿದ್ದಳು. ನಾನು ನೆಲ ನೋಡಿದೆ. ಹಾಸಿದ್ದ ಚಾಪೆ ಮಾಸಿ, ಅಂಚು ಹರಿದು ಎಳೆಎಳೆಯಾಗಿತ್ತು. ಪರದೇಶದವಳು ಇದನ್ನು ಊರೆಲ್ಲ ತೋರಿಸುತ್ತಾಳಲ್ಲ, ನಮ್ಮ ಮಾನ ಏನಾಗಬೇಕು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಜಾತಿ ನಾನು. ಹಾಸಿಗೆಯಡಿ ಸುತ್ತಿಟ್ಟಿದ್ದ ಹೊಸ ಚಾಪೆ ಎಳೆದು ಹಾಸಿಬಿಟ್ಟೆ.

ಆ ಚಾಪೆಯನ್ನು ಕೆಲೆರಾ ತನ್ನ ಸಾವಿಗೆಂದು, ತನ್ನನ್ನು ಅದರಲ್ಲೇ ಸುತ್ತಿ ಮಣ್ಣು ಮಾಡಲೆಂದು ಹೆಣೆದಿಟ್ಟುಕೊಂಡಿದ್ದಳು. ಎಲ್ಲರ ಚಾಪೆಗೂ ಬಣ್ಣದ ಉಲ್ಲನ್ನಿನ ಅಂಚಿದ್ದರೆ ಅವಳ ಚಾಪೆಗೆ ಬೇರೆ ಅಂಚು. ಫ್ಯಾಕ್ಟರಿಯಲ್ಲಿ ಕತ್ತರಿಸಿ ಉಳಿದ ಚೂರುಬಟ್ಟೆ, ಅದೇ ನೀಲಿ ಬಿಳಿ ಪಟ್ಟೆಯದು. ಅದನ್ನು ಬೆರಳಗಲ ಸೀಳಿ, ನೂರಾರು ಕುಚ್ಚು ಮಾಡಿ ಹಚ್ಚಿದ್ದಳು. ಚೂರುಗಳನ್ನು ಗೋಣಿಯಿಂದ ತೆಗೆದುಕೊಟ್ಟವನು ಸೆಮೆಸಾನೇ. "ಸುಡೋ ಕಸ, ಬೇಕಾದ್ರೆ ತಗೊಂಡೋಗು," ಅಂದಿದ್ದ. ಫೀಜಿಯಲ್ಲಿ ಅಂಥ ಅಂಚಿನ ಚಾಪೆ ಇನ್ನೊಂದಿರಲಿಲ್ಲ, ಫ್ಯಾಕ್ಟರಿಯಲ್ಲಿ ಅದನ್ನು ಅರಿಯದವರೂ ಇರಲಿಲ್ಲ. ಅದರ ಮೇಲೇ ಅವಳನ್ನು ಕೂರಿಸಿ, ಮುಖ ಕಾಣದಂತೆ ಟೆಸ್ಸಾ ಕುತ್ತಿಗೆಯಿಂದ ಕೆಳಗೆ ಚಿತ್ರ ತೆಗೆದಳು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅತಿಥಿಯ ಮುಂದೆ ಒಳ್ಳೆಯ ಚಾಪೆ ಬಿತ್ತಲ್ಲ ಎಂದು ಕೆಲೆರಾ ನನ್ನ ಕಡೆ ತಲೆ ಬೇರೆ ಆಡಿಸಿದಳು.

ಅವಳು ಆಡಿದ್ದು ನಾಲ್ಕು ಮಾತು. "ನಾನು ಕಾಲರ್ ಹೊಲೀತೀನಿ. ನಮ್ಮ ಹಿಂಬಾಗ್ಲಿಗೆ ಬೀಗ ಹಾಕಿರ್ತಾರೆ. ನಮ್ಮಂಗಿ ಕೊಳ್ಳಬೇಡಿ ಅನ್ನಲ್ಲ, ಕೊಳ್ಳಿ, ಇಲ್ದಿದ್ರೆ ನಾವು ಏನ್ ತಿನ್ನೋದು? ಆದ್ರೆ ಕೊಳ್ಳೋವಾಗ ಒಂದ್ ಮಾತು ಕೇಳಿ, ಬಾಗಿಲು ತೆಗೆದಿದ್ಯಾ ಅಂತ."

ಮೂರು ತಿಂಗಳು ಸದ್ದಿಲ್ಲ. ಆಮೇಲೆ ಅಲ್ಲಿಯ ತಾಯಂದಿರು ಕೇಳತೊಡಗಿದರಂತೆ. ಅಂಗಿ ಮಾರುವ ಕಂಪನಿಗೆ ದಿನವೂ ಪತ್ರ, ಎಲ್ಲದರಲ್ಲೂ ಒಂದೇ ಪ್ರಶ್ನೆ: ಬಾಗಿಲು ತೆಗೆದಿದೆಯಾ? ಗುರುವಾರ ಕಂಪನಿಯ ಆಡಿಟರ್ ಬಂದು ಕಣ್ಣಾರೆ ನೋಡುತ್ತಾನೆಂದು ಸೋಮವಾರ ಸುದ್ದಿ ಬಂತು. ಚಹಾದ ಹೊತ್ತಿಗೆ ಯಾರದೋ ಫೋನಿನಲ್ಲಿ ಚಿತ್ರ ಓಡುತ್ತಿತ್ತು. ಇಪ್ಪತ್ತು ತಲೆ ಅದರ ಮೇಲೆ ಬಗ್ಗಿದ್ದವು. ಕೈಗಳು ಬಂದವು, ದನಿ ಬಂತು, ಆಮೇಲೆ ಅಂಚು ಬಂತು. ನನ್ನ ಕೈಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಯಾರೂ ಕೆಲೆರಾಳ ಕಡೆ ತಿರುಗಲಿಲ್ಲ. ತಿರುಗದೆ ಇದ್ದದ್ದರಿಂದಲೇ ಎಲ್ಲರಿಗೂ ತಿಳಿದಿದೆಯೆಂದು ತಿಳಿಯಿತು. ನಮ್ಮ ಬೆನ್ನ ಹಿಂದೆ ಸೆಮೆಸಾ ನಿಂತಿದ್ದ.

ಬುಧವಾರ ಸಂಜೆ ಅವನು ಕೆಲೆರಾಳ ಮನೆಗೆ ಬಂದ. ಹೂವಿನ ಅಂಗಿ, ಇಸ್ತ್ರಿಯ ಸುಲು ಪಂಚೆ, ಬಗಲಲ್ಲಿ ಬಟ್ಟೆಯ ಗಂಟು. ಕೆಲೆರಾಳ ಅಣ್ಣ ಇಲೈತಿಯಾನನ್ನೂ ಕರೆಸಿದ್ದ. ಅವನು ಬಂದರಿನಲ್ಲಿ ಮೂಟೆ ಹೊರುವವನು, ಹೊರೆಗೆ ಹೆದರದವನು, ನಾಲ್ಕು ಜನರ ಮಾತಿಗೆ ಹೆದರುವವನು. ಗಂಡಸರು ಒಳಗಿನ ಹಿರಿಯರ ಜಾಗದಲ್ಲಿ ಕೂತರು. ನಾವಿಬ್ಬರು ಬಾಗಿಲ ಬಳಿ.

ಸೆಮೆಸಾ ಗಂಟು ಬಿಚ್ಚಿದ. ಒಳಗಿದ್ದದ್ದು ತಂಬುವಾ, ತಿಮಿಂಗಿಲದ ಹಲ್ಲು. ಹೊಗೆಗೂ ಎಣ್ಣೆಗೂ ಕಂದಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಇವರಲ್ಲಿ ಹೆಣ್ಣು ಕೇಳಲು, ಕೊಲೆಗೆ ಕ್ಷಮೆ ಬೇಡಲು, ಸತ್ತವರನ್ನು ಮಣ್ಣಿಗೆ ಕೊಡಲು ಅದೇ ಬೇಕು. ಎರಡೂ ಕೈಯಲ್ಲಿ ಹಿಡಿದು ಒಡ್ಡಿದ್ದನ್ನು ಮುಟ್ಟಿದರೆ ಕೇಳಿದ್ದನ್ನು ಕೊಟ್ಟಂತೆ.

ಅವನು ಮೊಣಕಾಲೂರಿ ತಗ್ಗಿದ ದನಿಯಲ್ಲಿ ಹೇಳಿದ. "ಚಾಪೆಯ ಅಂಚಿನ ಬಟ್ಟೆ ಕದ್ದಿದ್ದು ಅಂತ ಯಜಮಾನರು ಪೊಲೀಸಿಗೆ ಕೊಡೋಕೆ ಹೊರಟಿದ್ರು. ನಾನು ತಡೆದೆ. ಆ ಮಾತು ಇಲ್ಲಿಗೆ ಹೂತುಹೋಗ್ಲಿ. ಬಾಗಿಲಿನ ಮಾತೂ ಅದರ ಜೊತೆಗೆ ಹೂತುಹೋಗ್ಲಿ. ನಾಳೆ ಯಾರ ಬಾಯಲ್ಲೂ ಅದು ಬರಬಾರ್ದು."

ನಾನು ಎದ್ದೇಬಿಡುತ್ತಿದ್ದೆ. ಕೊಟ್ಟವನೇ ಕಳವು ಅನ್ನುತ್ತಾನಲ್ಲ! ಕೆಲೆರಾ ನನ್ನ ಸೀರೆಯ ಸೆರಗು ಹಿಡಿದು ಕೂರಿಸಿದಳು. ಅಷ್ಟರಲ್ಲಿ ಇಲೈತಿಯಾ ಮುಂದೆ ಬಾಗಿ ಹಲ್ಲನ್ನು ಎರಡೂ ಕೈಗೆ ತೆಗೆದುಕೊಂಡಾಗಿತ್ತು. ಅಂಗೈ ಬೋಗುಣಿ ಮಾಡಿ ಮೂರು ಸಲ ಚಪ್ಪಾಳೆ ತಟ್ಟಿದ. ಮುಗಿಯಿತು.

ಸೆಮೆಸಾ ಹೋದ ಮೇಲೆ ಮನೆಯಲ್ಲಿ ನಡೆದ ಜಗಳಕ್ಕೆ ನಾನೇ ಅಂಚೆಯವಳು. ಇವರಲ್ಲಿ ಅಣ್ಣತಂಗಿ ನೇರವಾಗಿ ಮಾತಾಡುವಂತಿಲ್ಲ, ಅದು ಗೌರವ. ಮೂರು ಮಾರು ದೂರದಲ್ಲಿ ಕೂತು ಇಬ್ಬರೂ ನನಗೆ ಹೇಳುತ್ತಿದ್ದರು.

"ಅಂಜಿ, ಅವನನ್ನ ಕೇಳು, ನನ್ನ ಬಾಯಿಗೆ ಬೀಗ ಹಾಕೋಕೆ ಅವನ್ಯಾರು?"

"ಅಂಜಿ, ಅವಳಿಗ್ ಹೇಳು, ತಂಬುವಾ ಬೇಡ ಅಂದ ಮನೆ ಅಂತ ಕಂದಾವಿನಲ್ಲಿ ತಲೆಮಾರು ತನಕ ಆಡ್ಕೋತಾರೆ. ಜೈಲಿಗ್ ಹೋಗ್ತಿದ್ಲು, ಉಳಿಸ್ದೆ."

"ಲೊಸಾನಾನ ಕಾಲು ಯಾರು ಉಳಿಸ್ತಾರೆ ಕೇಳು."

ಇಲೈತಿಯಾ ನೆಲ ನೋಡಿದ. "ಮುಟ್ಟಿ ಆಯ್ತು ಅಂತ ಹೇಳು," ಎಂದು ಹಲ್ಲನ್ನು ಅಲ್ಲೇ ಬಿಟ್ಟು ಎದ್ದುಹೋದ. ಅವನ ಕಣ್ಣು ಕೆಂಪಗಿತ್ತು.

"ಹೋಗ್ಲಿ ಬಿಡೆ," ಎಂದೆ ನಾನು. "ಮೀನಿನ ಹಲ್ಲು ಅದು. ನಾಳೆ ಆಡಿಟರ್ ಕೇಳಿದ್ರೆ ಇದ್ದದ್ದ್ ಇದ್ದಂಗೆ ಹೇಳಿಬಿಡು."

ಅವಳು ನನ್ನ ಮುಖವನ್ನೇ ನೋಡಿದಳು. "ನಿನ್ನ ರಾಮಾಯಣದ ಪುಸ್ತಕದ ಮೇಲೆ ಕೈಯಿಟ್ಟು ಆಣೆ ಮಾಡಿ, ಆಮೇಲೆ ತಪ್ತೀಯಾ?"

ಹೇಳಿದರೆ ಮನೆತನದ ಮಾತು ಹೋಗುತ್ತದೆ. ಹೇಳದಿದ್ದರೆ ಒಂದು ದಿನದ ಮಟ್ಟಿಗೆ ತೆಗೆದಿಟ್ಟ ಬಾಗಿಲು ನೋಡಿ ಚಿತ್ರವೇ ಸುಳ್ಳೆಂದು ಬರೆದುಕೊಂಡು ಆಡಿಟರ್ ಹೋಗುತ್ತಾನೆ, ಮತ್ತೆ ಯಾವ ತಾಯಿಯೂ ಆ ಪ್ರಶ್ನೆ ಕೇಳುವುದಿಲ್ಲ, ಬೀಗ ಅಲ್ಲೇ ಉಳಿಯುತ್ತದೆ. ಅತ್ತ ದರಿ, ಇತ್ತ ಪುಲಿ. ಆ ಹಲ್ಲನ್ನು ಮುಟ್ಟದವಳು ನಾನಿದ್ದೆನಲ್ಲ, ನಾನು ಹೇಳಬಹುದಿತ್ತಲ್ಲ ಎಂಬ ಯೋಚನೆ ಬಂತು. ಬಂದದ್ದನ್ನು ಹಾಗೇ ಒಳಗೆ ನೂಕಿದೆ. ನನಗೂ ಹೊಟ್ಟೆಯಿದೆ.

ಗುರುವಾರ ಬೆಳಿಗ್ಗೆ ಶೆಡ್ಡಿಗೆ ಹೋದರೆ ಹಿಂಬಾಗಿಲು ಹಾರುಹೊಡೆದಿತ್ತು. ಬೀಗ ಮಾಯ, ಚಿಲಕಕ್ಕೆ ಹೊಸ ಬಣ್ಣ. ಎರಡು ವರ್ಷದ ಮೇಲೆ ಸಮುದ್ರದ ಗಾಳಿ ಒಳಗೆ ಬಂದು ನೂಲಿನ ಧೂಳನ್ನು ಎಬ್ಬಿಸುತ್ತಿತ್ತು. ಸೆಮೆಸಾನ ಜೇಬಿನ ಅಂಚಿನಲ್ಲಿ ಕೆಂಪು ದಾರ ಮಾತ್ರ ಎಂದಿನಂತೆ ಇಣುಕುತ್ತಿತ್ತು.

ಆಡಿಟರ್ ಬಿಳಿಗೂದಲಿನ, ಬೆವರು ಒರೆಸಿಕೊಳ್ಳುತ್ತಿದ್ದ ಮನುಷ್ಯ. ಹಿಂಬಾಗಿಲಿಗೆ ಹೋದ, ಹೊರಗೆ ಇಣುಕಿದ, ಏನೋ ಬರೆದುಕೊಂಡ. ಆಮೇಲೆ ಮಷೀನುಗಳನ್ನು ನಿಲ್ಲಿಸಲು ಹೇಳಿದ. ಅಷ್ಟು ಮಷೀನು ಒಟ್ಟಿಗೆ ನಿಂತರೆ ಕಿವಿಯೊಳಗೆ ನೀರು ಹೊಕ್ಕಂತಾಗುತ್ತದೆ. ಅವನ ಕೈಯಲ್ಲಿ ಚಿತ್ರದಿಂದ ತೆಗೆದ ಒಂದು ಪಟವಿತ್ತು: ಎರಡು ಕೈ, ಕೆಳಗೆ ಚಾಪೆ.

"ಇವರು ಇಲ್ಲಿದ್ದಾರಾ? ಹೆದರ್ಬೇಡಿ. ಬಾಗಿಲಿಗೆ ಬೀಗ ಇತ್ತು ಅನ್ನೋದು ನಿಜವಾ? ನಾನ್ ನೋಡಿದ ಹಾಗೆ ತೆಗೆದೇ ಇದೆಯಲ್ಲ," ಎಂದ.

"ನಾನ್ ಹೇಳಿದ್ನಲ್ಲ ಸಾರ್," ಎಂದು ವಿಠ್ಠಲ್‌ಭಾಯಿ ನಕ್ಕ. "ಯಾರಿಗೋ ಏನೋ ಆಸೆ ತೋರ್ಸಿ ಹೇಳಿಸಿದ ಸುಳ್ಳು."

ನಾನು ನನ್ನ ಸೂಜಿಯನ್ನೇ ನೋಡುತ್ತಿದ್ದೆ. ಆಡಿಟರ್ ಪಟವನ್ನು ಕಡತದೊಳಗೆ ಇಟ್ಟು ಪೆನ್ನಿನ ಮುಚ್ಚಳ ತೆಗೆದ.

ಆಗ ಎಡಗಡೆಯ ಸ್ಟೂಲು ಸರಿಯಿತು. ಕೆಲೆರಾ ಎದ್ದಳು. ಬುತ್ತಿಯ ಬುಟ್ಟಿಯಿಂದ ಮರಗೆಣಸಿನ ಪೊಟ್ಟಣ ತೆಗೆದು ಪಕ್ಕಕ್ಕಿಟ್ಟಳು, ಅದರಡಿಯಿಂದ ಇನ್ನೊಂದು ಗಂಟು ತೆಗೆದಳು. ಲೈನಿನ ನಡುವಿನ ದಾರಿಯಲ್ಲಿ ನಡೆದು ಸೆಮೆಸಾನ ಮುಂದೆ, ಸಿಮೆಂಟು ನೆಲದ ಮೇಲೆ, ಮೊಣಕಾಲೂರಿ ಕೂತಳು. ಎರಡೂ ಕೈಯಲ್ಲಿ ತಂಬುವಾ. ಹೆಂಗಸು ಗಂಡಸಿನ ಮುಂದೆ ಅದನ್ನು ಎತ್ತಿ ಹಿಡಿದದ್ದು ನಾನು ನೋಡಿದ್ದು ಅದೇ ಮೊದಲು. ಹಲ್ಲಿಗೆ ಕಟ್ಟಿದ ಹುರಿ ತೂಗಾಡುತ್ತಿತ್ತು.

ತಮ್ಮ ಭಾಷೆಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ನಿನ್ನೆ ಇದು ನಮ್ಮ ಮನೆಗೆ ಬಂತು, ನಮ್ಮ ಮನೆ ತಗೊಂತು. ಹೂತಿದ್ದನ್ನ ನಾನು ಅಗೆಯಲ್ಲ. ಆದದ್ದರ ಬಗ್ಗೆ ಒಂದ್ ಮಾತೂ ಆಡಲ್ಲ. ಇವತ್ತು ಇದು ನಮ್ಮದು, ನಮ್ಮದನ್ನ ತಂದಿದ್ದೀನಿ. ಇದನ್ನ ಹಿಡ್ಕೊಂಡು ನಿಮ್ಮನ್ನ ಒಂದು ಬೇಡ್ತೀನಿ. ನಿಮ್ಮ ಜೇಬಿನಲ್ಲಿರೋ ಬೀಗದ ಕೈ ನನಗೆ ಕೊಡಿ."

ಸೆಮೆಸಾ ಒಮ್ಮೆ ಮಾಲೀಕನನ್ನು ನೋಡಿದ, ಒಮ್ಮೆ ಹಲ್ಲನ್ನು.

"ಏನ್ ಕೇಳ್ತಿದ್ದಾರೆ ಅವ್ರು?" ಎಂದ ಆಡಿಟರ್.

"ಏನೋ ಅವರವರ ಪೂಜೆ ಸಾರ್," ಎಂದ ವಿಠ್ಠಲ್‌ಭಾಯಿ. "ಏಯ್ ಸೆಮೆಸಾ, ಎಬ್ಸು ಅವಳನ್ನ."

ಸೆಮೆಸಾ ಅಲ್ಲಾಡಲಿಲ್ಲ. ಅದನ್ನು ದಾಟಿ ನಡೆದುಹೋಗುವುದಾದರೆ ಕಂದಾವಿನ ದೋಣಿ ಅವನು ಮತ್ತೆ ಹತ್ತುವಂತಿರಲಿಲ್ಲ. ಮುಟ್ಟಿದರೆ ಈ ಕೆಲಸ ಉಳಿಯುತ್ತದೋ ಇಲ್ಲವೋ. ಇಡೀ ಶೆಡ್ಡು ಅವನ ಕೈಯನ್ನೇ ನೋಡುತ್ತಿತ್ತು. ಕೆಲೆರಾಳ ತೋಳು ಸೋತು ಹಲ್ಲು ಒಂದಂಗುಲ ಕೆಳಗಿಳಿಯಿತು, ಅವಳು ಮತ್ತೆ ಎತ್ತಿದಳು.

ಅವನು ನಿಧಾನವಾಗಿ ಕುಳಿತ. ಎರಡೂ ಕೈ ಚಾಚಿ ತಂಬುವಾ ತೆಗೆದುಕೊಂಡ. ಹಿಂದಿನ ಸಾಲಿನಲ್ಲಿ ಯಾರೋ ಅಂಗೈ ಬೋಗುಣಿ ಮಾಡಿ ಚಪ್ಪಾಳೆ ತಟ್ಟಿದರು, ಆಮೇಲೆ ಕೆಲೆರಾಳ ಕಡೆಯ ಹೆಂಗಸರೆಲ್ಲ ತಟ್ಟಿದರು. ಸೆಮೆಸಾ ಕೆಂಪು ದಾರ ಎಳೆದು ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದ.

"ಯಾವುದರ ಬೀಗದ ಕೈ ಅದು?" ಆಡಿಟರ್ ಕೇಳಿದ.

ಕೆಲೆರಾ ತಲೆತಗ್ಗಿಸಿ ಕೂತಳು. ಸೆಮೆಸಾ ಕೂಡ. ಅವರಿಬ್ಬರೂ ಮಾತಿಗೆ ಕಟ್ಟುಬಿದ್ದವರು. ನಾನು ಯಾರಿಗೂ ಮಾತು ಕೊಟ್ಟವಳಲ್ಲ. ಮಂಡಿ ಹಿಡಿದುಕೊಂಡು ಎದ್ದು ನಿಂತೆ.

"ಆ ಹಿಂಬಾಗಿಲಿನದು ಸಾರ್. ಎರಡು ವರ್ಷದಿಂದ ಬೀಗ. ಇವತ್ತು ಬೆಳಿಗ್ಗೆ ತೆಗ್ದಿದ್ದು. ನಂಬದಿದ್ರೆ ಲೊಸಾನಾನ ಮನೆ ತೋರಿಸ್ತೀನಿ ಬನ್ನಿ. ಮತ್ತೆ ಆ ಚಾಪೆ ಹಾಸಿದ್ದು ನಾನು," ಎಂದೆ. ಕೊನೆಯ ಮಾತು ಅವನಿಗೆ ಅರ್ಥವಾಗಲಿಲ್ಲ, ಕೆಲೆರಾಳಿಗೆ ಆಯಿತು.

ಕಂಪನಿಯಿಂದ ಕಾಗದ ಬಂತು, ಬಾಗಿಲಿಗೆ ಬೀಗ ಕೂಡದೆಂದು. ಆದರೂ ಒಂದು ತಿಂಗಳು ಕಳೆದ ಮೇಲೆ ವಿಠ್ಠಲ್‌ಭಾಯಿ ಹೊಸ ಬೀಗವೊಂದನ್ನು ತಂದು ಸೆಮೆಸಾನ ಕೈಗಿಟ್ಟ. "ಕೊಟ್ಟದ್ದನ್ನ ಕೊಟ್ಟಾಯ್ತು ಸಾರ್, ಆ ಬಾಗಿಲಿಗೆ ನಾನ್ ಹಾಕಲ್ಲ," ಎಂದನಂತೆ ಸೆಮೆಸಾ, ಹುಟ್ಟಿದ ಮೇಲೆ ಮೊದಲ ಸಲ. ಕೆಲೆರಾಳನ್ನು ಮಾತ್ರ ಆರ್ಡರ್ ಕಡಿಮೆಯಾಯಿತೆಂಬ ನೆಪ ಹೇಳಿ ಮೂರೇ ವಾರಕ್ಕೆ ಮನೆಗೆ ಕಳಿಸಿದ್ದರು. ತಂಬುವಾ ಕಟ್ಟಿಹಾಕುವುದು ಅದನ್ನು ಮುಟ್ಟಿದವರನ್ನು, ಮಾಲೀಕರನ್ನಲ್ಲ. ನನ್ನನ್ನು ಯಾಕೆ ಉಳಿಸಿದರೋ ತಿಳಿಯದು. ಈಗ ಎಡಗಡೆ ಕಾಲರಿಗೆ ಬೇರೆ ಹುಡುಗಿ. ಗಂಟು ಸಿಕ್ಕರೆ ಬಿಚ್ಚುವುದಿಲ್ಲ, ಅವಳು ಎಸೆದ ಕಾಲರಿಗೆ ಈಗ ಉಗುರು ಎಳೆದು ನೋಡುವವಳು ನಾನು.

ಕೆಲೆರಾ ಮನೆಯಲ್ಲೇ ತುಳಿಯುವ ಮಷೀನಿಟ್ಟುಕೊಂಡು ಚರ್ಚಿನ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಕಿಟಕಿಯ ಮೊಳೆಯಲ್ಲಿ ಆ ಬೀಗದ ಕೈ ತೂಗುತ್ತಿದೆ.

ಟೆಸ್ಸಾ ಮತ್ತೆ ಬಂದಳು. ತನ್ನಿಂದ ಹೀಗಾಯಿತೆಂದು ಹೊಸ್ತಿಲಲ್ಲೇ ಅತ್ತಳು. ಮುಂದೆ ಏನಾಯಿತೆಂದು ಅಲ್ಲಿಯ ತಾಯಂದಿರು ಕೇಳುತ್ತಿದ್ದಾರೆ, ಇನ್ನೊಂದು ಸಲ ಮಾತಾಡುತ್ತೀರಾ ಎಂದಳು. ಕೆಲೆರಾ ಕೂದಲು ಬಾಚಿಕೊಂಡು, ಕಿವಿಗೆ ಹೂ ಸಿಕ್ಕಿಸಿಕೊಂಡು ಬಂದು, ಕ್ಯಾಮೆರಾ ಮೇಲೆತ್ತುವಂತೆ ಕೈಸನ್ನೆ ಮಾಡಿದಳು. "ಈ ಸಲ ಮುಖಾನೂ ತಗೊಳ್ಳಮ್ಮ. ಹೂತಿದ್ದು ಹೂತೇ ಇರ್ಲಿ. ಈಗ ತೆಗೆದಿರೋ ಬಾಗ್ಲಿನ ಮಾತು ಮಾತ್ರ ಆಡ್ತೀನಿ," ಎಂದಳು.

ನಾನು ಬುದ್ಧಿ ಕಲಿತವಳು. ಹರಿದ ಹಳೇ ಚಾಪೆಯನ್ನೇ ಕೊಡವಿ ಹಾಸಲು ಹೋದೆ.

"ಅದ್ಯಾಕೆ?" ಎಂದಳು. "ಹಾಸಿಗೆ ಕೆಳಗಿದೆಯಲ್ಲ, ಅದನ್ನ ತಾ."